ಗುರುಪುತ್ರಪ್ಪನ ಹಲ್ಲಿನ ತಪಾಸಣಾ ವರದಿ

ಒಬ್ಬ ಗೃಹಸ್ಥನ ಬಾಯೊಳಗಿನ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳುವುದು ಸಭ್ಯತೆಯಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇವೆ. ಹಲ್ಲಿನ ವೈದ್ಯರು ಇದನ್ನು ಓದಿ ನಗಬಹುದು, ಲೋಹದ ತಪಾಸಣೆ ಮಾಡುವವರು ಓದಿ ಸಿಟ್ಟಾಗಬಹುದು. ಎರಡೂ ವಿದ್ಯೆಯಲ್ಲಿ ನಮ್ಮ ತಿಳಿವಳಿಕೆ ಅಷ್ಟಕ್ಕಷ್ಟೇ. ಆದರೆ ಖಾನಾಪುರದಲ್ಲಿ ಆ ಭಾನುವಾರ ನಡೆದದ್ದನ್ನು ನಮ್ಮ ಊರಿನ ಅನಗೋಳ ಬಡಾವಣೆಯಲ್ಲಿ ಒಂದು ರೀತಿ ಹೇಳುತ್ತಾರೆ, ಶಹಾಪುರ ಬಡಾವಣೆಯಲ್ಲಿ ಇನ್ನೊಂದು ರೀತಿ. ಶಹಾಪುರದವರ ಪ್ರಕಾರ ಗುರುಪುತ್ರಪ್ಪ ಬೀಗರ ಮನೆಯ ಜಮಖಾನೆಯ ಮೇಲೆ ಮೂರು ಹಲ್ಲು ಉದುರಿಸಿ ಬಂದ. ಇದು ಶುದ್ಧ ಸುಳ್ಳು. ಅಷ್ಟು ಸುಳ್ಳು ಹಬ್ಬಿದ ಮೇಲೆ ಯಾರಾದರೂ ಒಬ್ಬರು ಧೈರ್ಯ ಮಾಡಲೇಬೇಕಾಯಿತು.

ಗುರುಪುತ್ರಪ್ಪ ಆಟೋ ನಗರದ ಒಂದು ತಪಾಸಣಾ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸಕ್ಕಿದ್ದ. ಸುತ್ತಲಿನ ಫೌಂಡ್ರಿಗಳು ಎರಕ ಹೊಯ್ದಾಗಲೆಲ್ಲ ಅದೇ ಲೋಹದ ಒಂದು ತುಂಡನ್ನು ಅಲ್ಲಿಗೆ ಕಳಿಸುತ್ತವೆ. ಅದನ್ನು ಯಂತ್ರದಲ್ಲಿಟ್ಟು ಮುರಿಯುವವರೆಗೆ ಒತ್ತುವುದು, ಎಷ್ಟಕ್ಕೆ ಮುರಿಯಿತೆಂದು ಬರೆಯುವುದು, ಕೆಳಗೆ ಸಹಿ ಹಾಕುವುದು ಅವನ ಕೆಲಸ. ಹಗಲು ಹೆಲ್ಪರಾಗಿ ದುಡಿದು, ಸಂಜೆ ಕ್ಲಾಸಿನಲ್ಲಿ ಡಿಪ್ಲೊಮಾ ಮುಗಿಸಿ ಆ ಸಹಿಯ ಅಧಿಕಾರ ಗಳಿಸಿದ್ದ. ಸಂಜೆ ಕ್ಲಾಸಿನವರಿಗೆ ಒಂದು ಸಂಕಟವಿರುತ್ತದೆ. ಹಗಲು ಕ್ಲಾಸಿನವರಿಗೆ ಏನೋ ಒಂದು ಪಾಠ ಹೆಚ್ಚಿಗೆ ಹೇಳಿಕೊಟ್ಟಿರಬೇಕು ಎಂಬ ಅನುಮಾನ ಕಡೆತನಕ ಬಿಡುವುದಿಲ್ಲ. ಅದಕ್ಕೇ ಅವನು ಎಲ್ಲವನ್ನೂ ಎರಡು ಸಲ ಅಳೆಯುತ್ತಿದ್ದ. ಮುರಿದು ನೋಡದ ಯಾವುದನ್ನೂ ನಂಬುತ್ತಿರಲಿಲ್ಲ. ಅವನ ಮನೆಗೆ ಹೊಸ ಕುರ್ಚಿ ಬಂದರೆ ಮೊದಲು ಎರಡು ಅಕ್ಕಿ ಚೀಲ ಕೂಡ್ರುತ್ತಿದ್ದವು, ಆಮೇಲೆ ಮನುಷ್ಯರು.

ಇಂಥವನ ಕೆಳಗಿನ ಎಡದವಡೆಯ ಹಲ್ಲಿಗೆ ಹುಳುಕು ಬಿದ್ದು, ಬೇರಿನವರೆಗೆ ಇಳಿದು, ಅನಗೋಳದ ಡಾಕ್ಟರ್ ನಿಖಿತಾ ಅವರ ಕುರ್ಚಿಯಲ್ಲಿ ಮೂರು ಸಲ ಬಾಯಿ ತೆರೆಯುವ ಪ್ರಸಂಗ ಬಂತು. ಮೂರನೆಯ ಸಲ ಕೆಲಸ ಮುಗಿಸಿ ಡಾಕ್ಟರು ಕೈಗವಸು ಕಳಚಿದರು.

"ಇನ್ನ ನೋವು ಬರೂದಿಲ್ರಿ ಅಂಕಲ್. ನರಾ ತಗದು ಬೇರು ತುಂಬೇನಿ. ಮ್ಯಾಲ ಹಲ್ಲಿನ ಬಣ್ಣದ್ದು ತುಂಬಿ ಹಲ್ಲು ಕಟ್ಟೇನಿ. ಸೋಮವಾರ ಕ್ಯಾಪ್ ಹಾಕೂಣು. ಅಲ್ಲೀತನಕ ಎಡಗಡೆ ಬಿರಸು ತಿನಬ್ಯಾಡ್ರಿ."

"ಇದು ಎಷ್ಟು ತಾಳತೈತ್ರಿ ಡಾಕ್ಟರ?"

"ಕ್ಯಾಪ್ ಹಾಕಿದ ಮ್ಯಾಲ ಹತ್ತ ವರ್ಷಕ್ಕ ಚಿಂತಿ ಇಲ್ರಿ."

"ವರ್ಷ ಅಲ್ರಿ. ಕಿಲೋ."

ಹಲ್ಲು ತುಂಬಿಸಿಕೊಂಡವರು ಅದುವರೆಗೆ ನೋವಿನ ಲೆಕ್ಕ ಕೇಳಿದ್ದರು, ಊಟದ ಲೆಕ್ಕ ಕೇಳಿದ್ದರು; ಕಿಲೋ ಲೆಕ್ಕ ಯಾರೂ ಕೇಳಿರಲಿಲ್ಲ. "ಕಿಲೋ?" ಎಂದರು ಡಾಕ್ಟರು.

"ಎಷ್ಟು ಕಿಲೋ ಒತ್ತಿದ್ರ ಮುರೀತೈತಿ? ಕಂಪನಿಯವರು ರಿಪೋರ್ಟ್ ಕೊಟ್ಟಿರಬೇಕಲ್ರಿ?"

"ಡಬ್ಬಿ ಜೋಡಿ ಒಂದು ಚೀಟಿ ಬಂದಿರತೈತ್ರಿ. ಅದರಾಗ ಬರದಿರತಾರ."

"ಬರದದ್ದು ಬ್ಯಾರೆ, ಮುರದು ನೋಡಿದ್ದು ಬ್ಯಾರೆ," ಎಂದ ಗುರುಪುತ್ರಪ್ಪ, ಬಹಳ ವಿನಯದಿಂದ.

ಹೊರಗೆ ಐದು ಜನ ಗಲ್ಲ ಹಿಡಿದುಕೊಂಡು ಕುಳಿತಿದ್ದರು. ಡಾಕ್ಟರು ಮಾತು ಬೆಳೆಸದೆ, ಅದೇ ಮದ್ದನ್ನು ಜೋಳದ ಕಾಳಿನಷ್ಟು ಒಂದು ಕಾಗದದ ಮೇಲಿಟ್ಟು, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿ, ಮಡಚಿ ಅವನ ಕೈಗಿಟ್ಟರು. "ತಗೊಂಡ ಹೋಗ್ರಿ. ಇದನ್ನ ಮುರದ ನೋಡ್ರಿ. ಹಲ್ಲಿನ ತಂಟೇಕ ಹೋಗಬ್ಯಾಡ್ರಿ."

ಮರುದಿನ ಶುಕ್ರವಾರ. ಲ್ಯಾಬಿನ ದೊಡ್ಡ ಯಂತ್ರ ಅರವತ್ತು ಟನ್ ಒತ್ತುವಂಥದ್ದು. ಅದರ ಗಡಿಯಾರದಂಥ ಮುಖ ಊಟದ ತಾಟಿಗಿಂತ ಅಗಲ. ಒಂದು ಗೆರೆಗೆ ನೂರು ಕಿಲೋ. ಯಂತ್ರ ನಡೆಸುವ ಭರಮಣ್ಣ ವಯಸ್ಸಿನಲ್ಲಿ ಹಿರಿಯ. ಎರಡು ಉಕ್ಕಿನ ಹಾಸುಗಳ ನಡುವೆ ಆ ಕಾಳನ್ನಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಹುಡುಕಿದ.

"ಇಟ್ಟೇನೋ ಇಲ್ಲೋ ನನಗೂ ತಿಳೀವಲ್ದ್ರಿ ಸಾಹೇಬ್ರ."

"ಇಟ್ಟಿ. ಹಗೂರಕ ಒತ್ತು."

ಭರಮಣ್ಣ ಒತ್ತಿದ. ಎಲ್ಲೋ ಹಲ್ಲಿ ಲೊಚಗುಟ್ಟಿದಷ್ಟು ಸಪ್ಪಳವಾಯಿತು.

"ಮುಳ್ಳು ಎಲ್ಲಿಗೆ ಬಂತು?"

"ಬರಲೇ ಇಲ್ರಿ. ಇದ್ದಲ್ಲೇ ಐತಿ."

"ಸಾಂಪಲ್?"

"ಹಿಟ್ಟಾಗೇತಿ."

ಗುರುಪುತ್ರಪ್ಪ ಬಗ್ಗಿ ನೋಡಿದ, ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ಮುಳ್ಳು ಶೂನ್ಯದ ಮೇಲೆ ನಿಶ್ಚಿಂತೆಯಿಂದ ನಿಂತಿತ್ತು. ಎರಡನೆಯ ಸಲ ಅಳೆಯಲು ಎರಡನೆಯ ಕಾಳಿರಲಿಲ್ಲ. ಮುಳ್ಳು ತೋರಿಸದ ಅಂಕಿಯನ್ನು ಇಪ್ಪತ್ತೆರಡು ವರ್ಷಗಳಲ್ಲಿ ಅವನು ಒಮ್ಮೆಯೂ ಬರೆದವನಲ್ಲ. ಸ್ವಂತ ಹಲ್ಲಿಗಾಗಿ ಬರೆಯುವುದು ಅನ್ಯಾಯ. ಅಚ್ಚಾದ ಫಾರ್ಮು ತೆಗೆದ. ಕಂಪನಿಯ ಫಾರ್ಮಿನಲ್ಲಿ 'ಹಲ್ಲು' ಎಂದು ಬರೆಯಲು ನಾಚಿಕೆಯಾಗಿ, ಮಾದರಿಯ ಹೆಸರಿನ ಮುಂದೆ ಒಂದು ಗೆರೆ ಎಳೆದ. ಉಳಿದದ್ದನ್ನು ಪ್ರಾಮಾಣಿಕವಾಗಿ ತುಂಬಿದ. ಕೆಲಸದ ಬಗೆ: ಕೌಟುಂಬಿಕ. ತಾಳುವ ಬಲ: ಶೂನ್ಯ. ತೀರ್ಮಾನ: ತಿರಸ್ಕೃತ. ಸಹಿ ಹಾಕಿ, ಮೊಹರು ಒತ್ತಿ, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

"ಶೂನ್ಯ ಅಂದ್ರ ಅನ್ನಾನೂ ತಿನ್ನಾಂಗಿಲ್ಲೇನ್ರಿ?" ಎಂದು ಭರಮಣ್ಣ ಕೇಳಿದ.

"ಲೆಕ್ಕದ ಪ್ರಕಾರ ಗಂಜಿ ಅಷ್ಟ," ಎಂದ ಗುರುಪುತ್ರಪ್ಪ.

ಬಲಗಡೆಯಿಂದ ತಿನ್ನಬಹುದಲ್ಲ ಎಂದು ನೀವು ಕೇಳಬಹುದು. ಬಲಗಡೆಯ ಕೆಳದವಡೆಯಲ್ಲಿ ಎರಡು ಹಲ್ಲು ಹೋಗಿ ಆರು ವರ್ಷಗಳಾಗಿದ್ದವು. ಅಲ್ಲಿ ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಅಂತೂ ಆ ಸಂಜೆಯಿಂದ ಗಂಜಿ ಶುರುವಾಯಿತು. ಅವನ ಹೆಂಡತಿ ಮಾಲಾ ಮೂರು ಹೊತ್ತು ಗಂಜಿ ಕಾಯಿಸುವುದನ್ನು ಗೋಡೆಯಾಚೆಯ ಲಕ್ಷ್ಮೀ ನೋಡಿದಳು.

"ಯಾಕ್ರೀ ಅಕ್ಕಾರ, ಅಣ್ಣಾರಿಗೆ ಆರಾಮಿಲ್ಲೇನ್ರಿ?"

"ಆರಾಮ ಅದಾರವ್ವಾ. ಆದ್ರ ಶೂನ್ಯ ಅದಾರಂತ, ರಿಪೋರ್ಟ್ ಬಂದೈತಿ."

ಈ ಉತ್ತರ ಕೇಳಿದ ಲಕ್ಷ್ಮೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಶನಿವಾರ ಸಂಜೆ ಓಣಿಯ ಮೂವರು ಹಿರಿಯರು ಬಂದು, ಏನೂ ಕೇಳದೆ, ಗುರುಪುತ್ರಪ್ಪನ ಭುಜ ಮುಟ್ಟಿ ಹೋದರು.

ಇಷ್ಟೇ ಆಗಿದ್ದರೆ ಸೋಮವಾರ ಕ್ಯಾಪು ಬಂದು ಕಥೆ ಮುಗಿಯುತ್ತಿತ್ತು. ನಡುವೆ ಭಾನುವಾರ ಇತ್ತಲ್ಲ. ಅಂದು ಅವನ ಅಕ್ಕ ಶಹಾಪುರದ ಚಂದ್ರವ್ವನ ಮಗಳು ಸಮೃದ್ಧಿಯ ಸಂಬಂಧಕ್ಕೆ ಖಾನಾಪುರದಲ್ಲಿ ಮನೆ ನೋಡುವ ಕಾರ್ಯಕ್ರಮ. ತಂದೆ ಇಲ್ಲದ ಹುಡುಗಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಹುಡುಗ ಪ್ರಸಾದನ ಮನೆಯವರದು ಗೋಡಂಬಿ ಬೀಜ ಒಡೆದು ಮಾರುವ ಸಣ್ಣ ಕಾರ್ಖಾನೆ. ಆ ಮನೆತನದಲ್ಲಿ ಒಂದು ಪದ್ಧತಿ. ಹುಡುಗಿಯ ಕಡೆಯವರು ಮನೆ ನೋಡಲು ಬಂದಾಗ ಪ್ರಸಾದನ ಅಜ್ಜಿ ಸಾವಂತ್ರವ್ವ ತಾನೇ ಮಾಡಿದ ಗೋಡಂಬಿ ಚಿಕ್ಕಿಯನ್ನು ಹುಡುಗಿಯ ಸೋದರಮಾವನ ಕೈಗೆ ಕೊಡುತ್ತಾಳೆ. ಒಪ್ಪಿಗೆಯಿದ್ದರೆ ಅವನು ನಾಲ್ಕು ಜನಕ್ಕೆ ಕೇಳಿಸುವಂತೆ ಕಡಿಯಬೇಕು. ಒಪ್ಪಿಗೆ ಇಲ್ಲದಿದ್ದರೆ ಸುಮ್ಮನೆ ತಾಟಿನಲ್ಲಿಟ್ಟು ಎದ್ದುಬರಬೇಕು. ಯಾಕೆ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಜಗಳವಿಲ್ಲದೆ ಸಂಬಂಧ ಮುರಿಯಲೆಂದೇ ಹಿರಿಯರು ಮಾಡಿಟ್ಟ ಸೊಗಸಾದ ಏರ್ಪಾಡು.

ಗುರುಪುತ್ರಪ್ಪ ಅಕ್ಕನಿಗೆ ಫೋನ್ ಮಾಡಿದ. "ಅಕ್ಕಾ, ಒಂದು ವಾರ ಮುಂದ ಹಾಕಿದ್ರ ಹೆಂಗ? ನನ್ನ ಹಲ್ಲು..."

"ಹಲ್ಲಿನ ಸುದ್ದಿ ಅಲ್ಲಿ ತಗದೀ ನೋಡ ಮತ್ತ! ಅವರ ಆಯಿ ಸಾವಂತ್ರವ್ವ ಮೊದಲ ಕೇಳಿದ್ದ ಅದನ್ನ, ನಿಮ್ಮ ಮನಿತನದಾಗ ಹಲ್ಲು ಹೆಂಗದಾವು ಅಂತ. ಹಲ್ಲು ಗಟ್ಟಿ ಇದ್ರ ಮನಿತನ ಗಟ್ಟಿ ಅಂತ ಆಕೀದೊಂದು ಹಟಾ. ನಾ ಹೇಳೇನಿ, ನಮ್ಮಪ್ಪ ಎಂಬತ್ತರಾಗೂ ಕಬ್ಬು ಸಿಗದು ತಿಂತಿದ್ದ, ನಮ್ಮ ತಮ್ಮ ಹಲ್ಲಲೇ ಸೋಡಾ ಬಾಟ್ಲಿ ತಗೀತಾನ ಅಂತ."

"ನಾ ಯಾವಾಗ ತಗದೇನಕ್ಕಾ?"

"ತಗದೀಯೋ ಬಿಟ್ಟೀಯೋ, ಹೇಳಿ ಆಗೇತಿ. ಸುಮ್ಮನ ಬಾ."

ಆಮೇಲೆ ಸಮೃದ್ಧಿ ಫೋನ್ ತೆಗೆದುಕೊಂಡಳು. ತಾಯಿಗೆ ಕೇಳಿಸದಂತೆ ದನಿ ಇಳಿಸಿ ಹೇಳಿದಳು: "ಮಾಮಾ, ಪ್ರಸಾದ ಚೊಲೋ ಮನಷಾ. ನನಗ ಈ ಸಂಬಂಧ ಬೇಕು. ನೀ ಒಂದ್ಸಲ ಕಟ್ ಅನಿಸಿಬಿಡು, ಸಾಕು."

ಎತ್ತಿ ಆಡಿಸಿದ ಸೋದರಮಾವ ಇದರ ಮೇಲೆ ಏನು ಹೇಳಿಯಾನು?

ಭಾನುವಾರ ಹತ್ತೂವರೆಗೆ ಗುರುಪುತ್ರಪ್ಪ, ಮಾಲಾ, ಚಂದ್ರವ್ವ, ಸಮೃದ್ಧಿ ನಾಲ್ವರೂ ಖಾನಾಪುರ ಮುಟ್ಟಿದರು. ಈಗಿನ ಕಾಲ, ಹುಡುಗಿಯೂ ತಾನಿರಬೇಕಾದ ಮನೆ ನೋಡಬೇಕೆಂದು ಬಂದಿದ್ದಳು. ಮನೆ ನೋಡಿದರು, ಹಿತ್ತಲು ನೋಡಿದರು, ಬೀಜ ಒಡೆಯುವ ಶೆಡ್ಡು ನೋಡಿದರು. ಎಲ್ಲಾ ಚೆನ್ನಾಗಿತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. "ಬರ್ರಿ, ಕುಂದರ್ರಿ ಎಂಜಿನೀಯರ್ ಸಾಹೇಬ್ರ," ಎಂದು ಪ್ರಸಾದನ ತಂದೆ ಕೈಹಿಡಿದು ಕೂಡ್ರಿಸಿದರು. ಎಂಜಿನಿಯರ್ ಎಂಬುದೂ ಚಂದ್ರವ್ವನ ಕೊಡುಗೆಯೇ ಇರಬೇಕು.

ಸಾವಂತ್ರವ್ವ ಬಂದಳು. ಎಂಬತ್ತು ದಾಟಿದ, ಬಡಕಲು, ನೆಟ್ಟಗಿನ ಮುದುಕಿ. ತಾಟಿನಿಂದ ಒಂದು ಚಿಕ್ಕಿ ಎತ್ತಿ ಗುರುಪುತ್ರಪ್ಪನ ಅಂಗೈಯಲ್ಲಿಟ್ಟಳು. ಬೆಲ್ಲದ ಪಾಕಕ್ಕೆ ಕಲ್ಲಿನ ಹೊಳಪಿತ್ತು.

ಹೊಸದಾಗಿ ಬಂದ ಯಾವ ಮಾದರಿಯನ್ನೂ ಮೊದಲು ಪರೀಕ್ಷಿಸುವ ಕೈ ಅದು. ಅದು ತನ್ನಷ್ಟಕ್ಕೆ ಕೆಲಸ ಶುರು ಮಾಡಿತು. ಚಿಕ್ಕಿಯನ್ನು ತೂಗಿ ನೋಡಿತು. ಬೆಳಕಿಗೆ ಹಿಡಿದು ಬಿರುಕಿದೆಯೇ ಎಂದು ತಿರುಗಿಸಿತು. ಉಗುರಿನಿಂದ ತಟ್ಟಿತು. ಟಣ್ ಎಂದಿತು. ಗುರುಪುತ್ರಪ್ಪನ ಮುಖದ ಬಣ್ಣ ಇಳಿಯಿತು. ಬೀಡು ಕಬ್ಬಿಣವೂ ಅಷ್ಟು ಶುದ್ಧವಾಗಿ ನಾದ ಕೊಡುವುದಿಲ್ಲ.

ಪ್ರಸಾದನ ತಂದೆ ಕೆಮ್ಮಿದರು. "ಏನರ ಕೊರತಿ ಕಂಡಿತೇನ್ರಿ?"

"ಇಲ್ರಿ, ಇಲ್ರಿ. ಭಾಳ ಗಟ್ಟಿ ಐತ್ರಿ."

"ಗಟ್ಟಿ ಇರೂದ ಚೊಲೋ ಅಲ್ರಿ?"

"ಚೊಲೋ ರೀ. ಎರಡೂ ಕಡೆ ಗಟ್ಟಿ ಇರಬೇಕಾಕ್ಕೈತಿ, ಅಷ್ಟ."

ಪ್ರಸಾದನ ತಂದೆ ಹೆಂಡತಿಯ ಮುಖ ನೋಡಿದರು. ನಮ್ಮ ಕಡೆ ಏನೋ ಸಡಿಲ ಕಂಡಿದೆ ಎಂದು ಆ ಮುಖ ಹೇಳಿತು. ಐದು ನಿಮಿಷ ಹೋಯಿತು. ಹತ್ತು ನಿಮಿಷ ಹೋಯಿತು. ಗುರುಪುತ್ರಪ್ಪ ಎರಡು ಸಲ ಚಿಕ್ಕಿಯನ್ನು ಬಾಯಿಯವರೆಗೆ ಒಯ್ದು, ಸುಮ್ಮನೆ ವಾಸನೆ ನೋಡಿದವನಂತೆ ಕೆಳಗಿಳಿಸಿದ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹೆಂಗಸು "ಕಾಯ ಝಾಲಂ?" ಎಂದು ಮರಾಠಿಯಲ್ಲಿ ಏನಾಯಿತೆಂದು ಪಿಸುಗುಟ್ಟಿದಳು. "ಅಜೂನ ಕಾಹೀ ನಾಹೀ, ಇನ್ನಾ ಏನೂ ಇಲ್ಲ," ಎಂದು ಪ್ರಸಾದನ ತಾಯಿ ಎರಡೂ ಭಾಷೆಯಲ್ಲಿ ನಿಟ್ಟುಸಿರು ಬಿಟ್ಟಳು. ಚಂದ್ರವ್ವ ತಮ್ಮನ ಮೊಣಕಾಲಿಗೆ ಚಿವುಟಿದಳು. ಸಮೃದ್ಧಿ ನೆಲ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಹಣೆಯಿಂದ ಬೆವರಿಳಿದಾಗ ಗುರುಪುತ್ರಪ್ಪ ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದ. ಕರವಸ್ತ್ರದ ಜೊತೆ ಶುಕ್ರವಾರದ ಕಾಗದವೂ ಬಂದು ಪ್ರಸಾದನ ತಂದೆಯ ತೊಡೆಯ ಮೇಲೆ ಬಿತ್ತು. ಅವರು ಎತ್ತಿ ಕೊಡಲೆಂದೇ ಎತ್ತಿದರು. ಅಚ್ಚಿನ ಅಕ್ಷರ, ಮೊಹರು, ಸಹಿ ಕಂಡಮೇಲೆ ಕಣ್ಣು ಸುಮ್ಮನಿರಲಿಲ್ಲ. ಗಟ್ಟಿಯಾಗಿ ಓದಿದರು.

"ಕೆಲಸದ ಬಗೆ, ಕೌಟುಂಬಿಕ. ತಾಳುವ ಬಲ, ಶೂನ್ಯ. ತೀರ್ಮಾನ, ತಿರಸ್ಕೃತ." ಆಮೇಲೆ ತಾರೀಖು ನೋಡಿದರು. "ಶುಕ್ರವಾರನ ಬರದಾರ! ಮನಿ ನೋಡೂಕಿಂತ ಮೊದಲ ಬರದ ತಂದಾರ! ಪ್ರಸಾದಾ, ನಿನಗ ಶೂನ್ಯ ಕೊಟ್ಟಾರೋ!"

"ನನಗಾ?" ಎಂದ ಪ್ರಸಾದ. "ಹತ್ತರಾಗ ಶೂನ್ಯಾನೋ, ನೂರರಾಗೋ?"

ಚಂದ್ರವ್ವ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. "ಗುರ್ಯಾ! ಏನ್ ಮಾಡೀಯೋ ಇದು?"

"ಹದಿನಾಲ್ಕು ಸಂಬಂಧ ನೋಡೇವ್ರಿ ನಾವು," ಎಂದರು ಪ್ರಸಾದನ ತಂದೆ, ಕಾಗದ ಎತ್ತಿ ತೋರಿಸುತ್ತ. "ಬ್ಯಾಡ ಅಂದವರು ಅದಾರ. ಮೊಹರು ಹೊಡದು ಬ್ಯಾಡ ಅಂದವರು ನೀವ ಮೊದಲಿಗರು!"

ಇಲ್ಲಿ ಗುರುಪುತ್ರಪ್ಪ ಸಮೃದ್ಧಿಯನ್ನು ನೋಡಿದ. ಅವಳ ಕಣ್ಣು ತುಂಬಿತ್ತು. ಆಮೇಲೆ ಅವನು ಅಕ್ಕನಿಗೂ, ಎಂಜಿನಿಯರ್ ಪದವಿಗೂ ಹೆದರಲಿಲ್ಲ.

"ಅದು ಪ್ರಸಾದಂದಲ್ರಿ! ನನ್ನ ಹಲ್ಲಿಂದು!" ಎಂದು ಕೂಗಿ, ಸಾಕ್ಷಿಗಾಗಿ ಬಾಯಿ ತೆರೆದ.

ಪ್ರಸಾದ ಮೊಬೈಲಿನ ಬೆಳಕು ಹಿಡಿದ. ಮನೆಯವರು, ಬಾಗಿಲಲ್ಲಿದ್ದವರು, ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಸಾವಂತ್ರವ್ವ ಕಡೆಗೆ ಬಂದು, ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. "ಬಲಕ ಎರಡು ಇಲ್ಲ. ಎಡಕ ಒಂದು ತೇಪಿ. ಇದರಲೇ ಸೋಡಾ ಬಾಟ್ಲಿ ತಗೀತೀಯೇನಪಾ?"

ಚಂದ್ರವ್ವ ತಲೆಯೆತ್ತಿ ಮಾಳಿಗೆಯ ಜಂತೆ ಎಣಿಸತೊಡಗಿದಳು.

"ಇರಲಿ ಬಿಡವ್ವಾ," ಎಂದಳು ಮುದುಕಿ. "ನನ್ನವೂ ನಾಕ ಅದಾವ. ಕೇಳಿದವರಿಗೆ ಎಂಟ ಅಂತೇನಿ. ಆದ್ರ ಈ ಶೂನ್ಯ ಏನು?"

ಗುರುಪುತ್ರಪ್ಪ ಕಾಳು, ಯಂತ್ರ, ಮುಳ್ಳು ಎಲ್ಲವನ್ನೂ ವಿವರಿಸಿದ. ಸಮೃದ್ಧಿ ಕಣ್ಣೊರಸಿಕೊಂಡು, ಹತ್ತನೇ ಕ್ಲಾಸಿನ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದ ದನಿಯಲ್ಲಿ ಕೇಳಿದಳು: "ಮಾಮಾ, ಒಂದು ಗೆರಿಗೆ ಎಷ್ಟು?"

"ನೂರು ಕಿಲೋ."

"ಕಾಳು ಮೂವತ್ತೋ ನಲವತ್ತೋ ಕಿಲೋಕ್ಕ ಮುರದಿದ್ರ ಮುಳ್ಳು ಎಲ್ಲಿರತೈತಿ?"

ಗುರುಪುತ್ರಪ್ಪ ಯೋಚಿಸಿದ. "ಹೆಚ್ಚೂ ಕಡಿಮಿ... ಶೂನ್ಯದಾಗ."

"ಹಂಗಾದ್ರ ಇದು ಶೂನ್ಯ ಅಲ್ಲ ಮಾಮಾ. ನಿಮ್ಮ ಯಂತ್ರಕ್ಕ ಕಾಣಲಿಲ್ಲ, ಅಷ್ಟ."

ಹಗಲು ಕ್ಲಾಸಿನಲ್ಲಿ ಹೆಚ್ಚಿಗೆ ಹೇಳಿಕೊಡುತ್ತಿದ್ದ ಪಾಠ ಇದೇ ಇರಬಹುದೆಂದು ಅವನಿಗೆ ಆ ಕ್ಷಣ ಅನಿಸಿತು. ಎದೆಯ ಮೇಲಿನ ಎರಡು ದಿನಗಳ ಭಾರ ಇಳಿದು, ಗಂಜಿ ಕುಡಿದ ಹೊಟ್ಟೆ ಗುಡುಗಿತು. ಆದರೂ ಡಾಕ್ಟರ ಮಾತು ಮೀರುವವನಲ್ಲ. ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಜಮಖಾನೆಯ ನಡುವೆ ಇಟ್ಟ.

"ಚಿಕ್ಕಿನಾ?" ಎಂದಿತು ಫೋನು. "ಬಿರಸು ಬ್ಯಾಡ ಅಂದಿದ್ದೆ ಅಲ್ರಿ ಅಂಕಲ್!"

"ಲಗ್ನದ ಮಾತು ಐತ್ರಿ ಡಾಕ್ಟರ."

ಸಾವಂತ್ರವ್ವ ಫೋನಿನ ಮೇಲೆ ಬಗ್ಗಿದಳು. "ಯವ್ವಾ ಡಾಕ್ಟರಬಾಯಿ, ಲೋಖಂಡ, ಕಬ್ಬಿಣದಂಥಾದ್ದ ತುಂಬಬಾರದಾಗಿತ್ತೇನ? ಇಂಥಾ ಫಜೀತಿ ಯಾಕ ಇಟ್ಟಿ?"

"ಅಜ್ಜೀ, ಭಾಳ ಬಿರಸು ತುಂಬಿದ್ರ ಮ್ಯಾಲ ಏನೂ ಆಗೂದಿಲ್ರಿ, ಕೆಳಗ ಬೇರು ಸೀಳತೈತಿ. ಬೇರು ಸೀಳಿದ್ರ ಹಲ್ಲು ಕಿತ್ತ ಒಗೀಬೇಕು. ಅದಕ್ಕ ಹಲ್ಲಿನ ಜೋಡಿ ತಾನೂ ಒಂಚೂರು ಬಾಗೂವಂಥಾದ್ದು ತುಂಬತೀವಿ. ಒತ್ತು ಜಾಸ್ತಿ ಆತಂದ್ರ ಭಾಳ ಸಲ ಅದ ಮುರೀತೈತಿ, ಬೇರು ಉಳೀತೈತಿ. ಮುರದ್ರ ನಾ ಮತ್ತ ತುಂಬತೇನಿ."

ಸಾವಂತ್ರವ್ವ ನೆಟ್ಟಗಾಗಿ ಕುಳಿತಳು. "ಕೇಳಿದ್ರೆಲ್ಲಾ? ತಾ ಮುರದು ಬೇರು ಉಳಸೂವಂಥಾದ್ದಂತ. ಇಷ್ಟು ದಿನಾ ನಾ ಗಟ್ಟಿ, ಗಟ್ಟಿ ಅಂತ ಬರೇ ಗಟ್ಟಿ ಹುಡಕಾಕ ಹತ್ತಿದ್ದೆ." ಗುರುಪುತ್ರಪ್ಪನ ಕಡೆ ತಿರುಗಿದಳು. "ಕಡೀಬ್ಯಾಡಪಾ. ಇಟ್ಟಬಿಡು. ನೀ ಕಡದಂಗ ತಿಳೀತೇನಿ."

ಇಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ಆದರೆ ತಾಟಿನಲ್ಲಿಟ್ಟರೆ ಪದ್ಧತಿಯ ಪ್ರಕಾರ ಒಪ್ಪಿಗೆ ಇಲ್ಲವೆಂದಾಗುತ್ತದೆ. ಮುಂದೆ ಯಾರಾದರೂ ಸೋದರಮಾವ ಕಡಿಯಲಿಲ್ಲವಲ್ಲ ಎಂದು ಸಮೃದ್ಧಿಗೆ ಅಂದರೆ? ದಾಖಲೆ ದಾಖಲೆಯೇ. "ಮುರದ್ರ ತುಂಬತಾರಂತಲ್ಲ," ಎಂದು ಅವನು ಚಿಕ್ಕಿ ಎತ್ತಿದ.

"ಬರೇ ಮೂಲಿ ಕಡೀರಿ ಅಂಕಲ್," ಎಂದಿತು ಫೋನು. "ನಾ ಫೋನ್ ಇಡಾಂಗಿಲ್ಲ. ಸಪ್ಪಳ ಕೇಳತೇನಿ."

ಗುರುಪುತ್ರಪ್ಪ ಕಣ್ಣು ಮುಚ್ಚಿ, ಎಡಗಡೆ ಇಟ್ಟು, ಒತ್ತಿದ.

ಕಟ್.

"ಏನ್ ಮುರೀತ್ರಿ?" ಎಂದು ಫೋನು ಕೇಳಿತು. ಗುರುಪುತ್ರಪ್ಪ ನಾಲಿಗೆಯಿಂದ ಒಂದು ಸಲ ನೋಡಿದ. ಖಾತ್ರಿಗಾಗಿ ಎರಡನೆಯ ಸಲ ನೋಡಿದ. ಬಾಯಿಂದ ಮೂಲೆ ತೆಗೆದು ಕೈಯಲ್ಲಿದ್ದ ತುಂಡಿಗೆ ಜೋಡಿಸಿದ; ಸರಿಯಾಗಿ ಕೂತಿತು.

"ಚಿಕ್ಕಿ," ಎಂದ.

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಏನಂದರೆಂದು ತಿಳಿಯಲಿಲ್ಲ. ಪ್ರಸಾದನ ತಂದೆ ವರದಿಯನ್ನು ನಾಲ್ಕು ತುಂಡು ಮಾಡಿ ಗುರುಪುತ್ರಪ್ಪನನ್ನು ಅಪ್ಪಿಕೊಂಡರು. ಚಂದ್ರವ್ವ ಅತ್ತಳು. ಪಕ್ಕದ ಮನೆಯ ಹೆಂಗಸಿಗೆ ಯಾರೋ ಮರಾಠಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದರು. ಮಧ್ಯಾಹ್ನ ಹೋಳಿಗೆಯ ಊಟವಾಯಿತು, ಹೋಳಿಗೆ ಮೆತ್ತಗಿತ್ತು. ಸೋಮವಾರ ಕ್ಯಾಪು ಕೂತಿತು. ಮದುವೆಯ ತಾರೀಖೂ ಗೊತ್ತಾಗಿದೆ.

ಒಂದು ಮಾತು ಮಾತ್ರ ಹೇಳಿಬಿಡಬೇಕು. ಅಂದು ಆ ಚಿಕ್ಕಿ ಗುರುಪುತ್ರಪ್ಪನ ಬೆವರಿದ ಅಂಗೈಯಲ್ಲಿ ಮುಕ್ಕಾಲು ಗಂಟೆ ಇತ್ತು. ಮುರಿಯುವ ಹೊತ್ತಿಗೆ ಅದು ಮೆತ್ತಗಾಗಿತ್ತೋ, ಅಥವಾ ಹಲ್ಲೇ ಅಷ್ಟು ಗಟ್ಟಿಯಾಗಿತ್ತೋ? ನನ್ನ ಚಿಕ್ಕಿ ಮೆತ್ತಗಾಗುವ ಮಾತೇ ಇಲ್ಲ ಎನ್ನುತ್ತಾಳೆ ಸಾವಂತ್ರವ್ವ. ಡಾಕ್ಟರು ನಗುತ್ತಾರೆ. ಆ ಹಲ್ಲು ಎಷ್ಟು ಕಿಲೋ ತಾಳುತ್ತದೆ ಎಂಬುದು ಗುರುಪುತ್ರಪ್ಪನಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ.